ಬಣ್ಣ ಬಿಟ್ಟು ನೆಲ ನೋಡಿದಾಗ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬಹುಮಾನ ಪಡೆದವರನ್ನು ಅಭಿನಂದಿಸುತ್ತಾ, ನಾನು ಇಂದು ಒಂದು ಹಕ್ಕಿಯ ಬಗ್ಗೆ ನಾಲ್ಕು ಮಾತು ಹೇಳಲು ಇಚ್ಛಿಸುತ್ತೇನೆ.

ಆ ಹಕ್ಕಿಯ ಹೆಸರು ಮೊನಾಲ್. ನವಿಲು, ಕಾಡುಕೋಳಿಗಳ ಕುಟುಂಬಕ್ಕೆ ಸೇರಿದ್ದು. ಉತ್ತರಾಖಂಡದ ರಾಜ್ಯಪಕ್ಷಿ, ನೇಪಾಳದ ರಾಷ್ಟ್ರಪಕ್ಷಿ. ಹಿಮಾಲಯದಲ್ಲಿ 2,000 ಮೀಟರಿಗಿಂತ ಎತ್ತರದ ಕಾಡು, ಹುಲ್ಲುಗಾವಲುಗಳೇ ಅದರ ಮನೆ. ಗಂಡಿನ ಮೈಮೇಲೆ ಹಸಿರು, ನೀಲಿ, ನೇರಳೆ, ತಾಮ್ರದ ಬಣ್ಣಗಳು ಲೋಹದಂತೆ ಹೊಳೆಯುತ್ತವೆ. ತಲೆಯ ಮೇಲೆ ನವಿಲಿನದರಂಥ ಜುಟ್ಟು.

2019ರ ಏಪ್ರಿಲ್‌ನಲ್ಲಿ ಅದನ್ನು ನೋಡಲೆಂದೇ ಉತ್ತರಾಖಂಡದ ಚೋಪ್ತಾಕ್ಕೆ ಹೋದೆ. ಅಲ್ಲಿಂದ ತುಂಗನಾಥದ ಕಡೆಗೆ ಕಲ್ಲುಹಾಸಿನ ದಾರಿ ಏರುತ್ತದೆ. ಎರಡು ದಿನ ಆ ಹೊಳೆಯುವ ಬಣ್ಣಕ್ಕಾಗಿ ಕಣ್ಣಾಡಿಸಿದೆ. ಕಂಡದ್ದೆಲ್ಲ ಕೆಂಪಗೆ ಅರಳಿದ ಬುರಾಂಶ್ ಹೂಗಳು ಮಾತ್ರ. ಮೂರನೆಯ ದಿನ ನಸುಕಿನಲ್ಲಿ, ಜೊತೆಗಿದ್ದ ಹಳ್ಳಿಯ ಯುವಕ ಮೆಲ್ಲಗೆ ಹೇಳಿದ: "ಮಾಸ್ಟರ್‌ಜಿ, ಬಣ್ಣ ಹುಡುಕಬೇಡಿ, ನೆಲ ನೋಡಿ."

ನೆಲದಲ್ಲಿ ಹೊಸದಾಗಿ ಕೆದಕಿದ ಗುಂಡಿಗಳಿದ್ದವು. ಮೊನಾಲ್ ತನ್ನ ಬಾಗಿದ ಗಟ್ಟಿ ಕೊಕ್ಕಿನಿಂದ ಮಣ್ಣನ್ನೂ ಹಿಮವನ್ನೂ ಅಗೆದು ಗೆಡ್ಡೆ, ಬೇರು, ಹುಳುಗಳನ್ನು ತಿನ್ನುತ್ತದೆ. ಆ ಗುಂಡಿಗಳ ಜಾಡಿನಲ್ಲೇ ಹತ್ತು ಹೆಜ್ಜೆ ಆಚೆ ಕಂದು ಬಣ್ಣದ, ಬಿಳಿ ಗಂಟಲಿನ ಹೆಣ್ಣು ಹಕ್ಕಿ ಮೇಯುತ್ತಿತ್ತು. ಹಿಂದಿನ ಎರಡು ದಿನವೂ ಇಂಥ ಹಕ್ಕಿಗಳನ್ನು ಒಣಗಿದ ಹುಲ್ಲೆಂದೇ ತಿಳಿದು ದಾಟಿ ಹೋಗಿದ್ದೆನೋ ಏನೋ! ಸ್ವಲ್ಪ ಮೇಲೆ ಗಂಡು ಹಕ್ಕಿ ಬಿಸಿಲಿಗೆ ಬಂದು ನಿಂತಿತು.

ಆಗ ನಾನೊಂದು ತಪ್ಪು ಮಾಡಿದೆ. ಫೋಟೋದ ಆಸೆಗೆ ಹತ್ತಿರ ಹೋದೆ. ಸಿಳ್ಳೆಯಂಥ ಒಂದು ಕೂಗು, ಬೆನ್ನಿನ ಬಿಳಿಯ ಮಚ್ಚೆ, ಅಷ್ಟೇ. ಎರಡೂ ಹಕ್ಕಿಗಳು ಕಣಿವೆಗೆ ಇಳಿದುಹೋದವು. ನಮ್ಮ ಹಿಂದೆಯೇ ಏರಿ ಬರುತ್ತಿದ್ದ ತಂದೆ ಮತ್ತು ಪುಟ್ಟ ಮಗಳಿಗೆ ನೋಡಲು ಏನೂ ಉಳಿಯಲಿಲ್ಲ. ಯುವಕ ಏನನ್ನೂ ಹೇಳಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಈ ಹಕ್ಕಿಗೆ ಅದರ ಅಂದವೇ ಶತ್ರು. ಜುಟ್ಟಿನ ಗರಿಗಾಗಿ, ಟೋಪಿಯ ಅಲಂಕಾರಕ್ಕಾಗಿ ಗಂಡುಗಳನ್ನು ಬೇಟೆಯಾಡಿದರು. ವನ್ಯಜೀವಿ ಕಾಯ್ದೆ ಇಂದು ಅದನ್ನು ನಿಷೇಧಿಸಿದೆ. ನೆಲದ ಮೇಲಿನ ಗೂಡಿನಲ್ಲಿ ಕುಳಿತು ಮೊಟ್ಟೆಗೆ ಕಾವು ಕೊಡುವುದು ಮಾತ್ರ ಯಾರೂ ಗಮನಿಸದ ಆ ಕಂದು ಹೆಣ್ಣು. ಹೊಳೆಯದಿರುವುದೇ ಅದಕ್ಕೆ ರಕ್ಷೆ.

ವಿದ್ಯಾರ್ಥಿಗಳೇ, ಹಿಮಾಲಯಕ್ಕೆ ಹೋಗಲು ಎಲ್ಲರಿಗೂ ಸಾಧ್ಯವಾಗದಿರಬಹುದು. ಆದರೆ ಅದೇ ಕುಟುಂಬದ ಕಾಡುಕೋಳಿ ನಮ್ಮ ಪಶ್ಚಿಮ ಘಟ್ಟದಲ್ಲೇ ಇದೆ. ಮೊದಲು ಅದರ ಆಹಾರ, ಹೊತ್ತು, ಜಾಡು ತಿಳಿದುಕೊಳ್ಳಿ. ಅನಂತರ ಸುಮ್ಮನೆ ಕುಳಿತು ಕಾಯಿರಿ. ಕಂಡಾಗ ಇದ್ದಲ್ಲೇ ಇರಿ. ನಿಮ್ಮ ಹಿಂದೆ ಬರುವವರಿಗೂ ಅದು ಕಾಣಬೇಕಲ್ಲವೇ?