ಅಜ್ಜಿಯ ಗಡಿಯಾರಕ್ಕೆ ಬೆಲೆ ಎಷ್ಟು?

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಊರಿನ ಮನೆ ಮಾರಾಟಕ್ಕೆ ಬಂದಾಗ ಹೊಲ, ಬಂಗಾರ, ಬ್ಯಾಂಕಿನ ಲೆಕ್ಕ ಎಲ್ಲಕ್ಕೂ ಕಾಗದ ಇರುತ್ತದೆ. ಗೋಡೆಯ ಮೇಲಿನ ಹಳೆಯ ಗಡಿಯಾರಕ್ಕೆ ಕಾಗದವಿಲ್ಲ. ಅದನ್ನು ಏನು ಮಾಡಬೇಕು ಎಂಬ ಪ್ರಶ್ನೆ ನಮ್ಮಲ್ಲಿ ಅನೇಕರಿಗೆ ಬಂದಿದೆ, ಇನ್ನು ಕೆಲವರಿಗೆ ಬರಲಿದೆ. ಅದಕ್ಕೇ ಇಂದು ಈ ವಿಷಯ ಆರಿಸಿಕೊಂಡೆ.

ಮೊದಲು ಗುರುತಿಸುವುದು. ನಮ್ಮ ಧಾರವಾಡದ ಮನೆಯ ಗಡಿಯಾರವನ್ನು ಯಾರೋ ಬ್ರಿಟಿಷ್ ಕಲೆಕ್ಟರ್ ಮುತ್ತಜ್ಜನಿಗೆ ಕೊಟ್ಟದ್ದು, ಇನ್ನೂರು ವರ್ಷ ಹಳೆಯದು ಎಂದು ಕಾಕಾ ಹೇಳುತ್ತಿದ್ದರು. ಮನೆತನದ ಕಥೆ ಕೇಳಲು ಚೆಂದ, ಆದರೆ ಸಾಕ್ಷಿ ಗಡಿಯಾರದ ಹೊಟ್ಟೆಯೊಳಗೆ ಇರುತ್ತದೆ. ಡಯಲ್ ಮೇಲಿನ ಹೆಸರನ್ನು ನಂಬಿ ಕೂಡಬೇಡಿ, ಅದು ಎಷ್ಟೋ ಸಲ ಮಾರಿದ ಅಂಗಡಿಯದು. ತಯಾರಕರ ಮುದ್ರೆ ಒಳಗಿನ ಹಿತ್ತಾಳೆ ತಗಡಿನ ಮೇಲೆ ಇರುತ್ತದೆ. ನಮ್ಮದರಲ್ಲಿ ಎಂಟು ಮೂಲೆಯ ನಕ್ಷತ್ರ, ಅದರ ನಡುವೆ ಇಂಗ್ಲಿಷಿನ ‘ಜೆ’ ಅಕ್ಷರ. ಅದು ಜರ್ಮನಿಯ ಶ್ರಾಂಬರ್ಗ್ ಊರಿನಲ್ಲಿ 1861ರಲ್ಲಿ ಶುರುವಾದ ಯುಂಗ್‌ಹಾನ್ಸ್ ಕಂಪನಿಯ ಗುರುತು. ಪಕ್ಕದಲ್ಲಿ ‘ಬಿ 12’ ಎಂದು ಒತ್ತಿತ್ತು. 1912ರ ಎರಡನೆಯ ಅರ್ಧದಲ್ಲಿ ತಯಾರಾದದ್ದು ಎಂದು ಅದರ ಅರ್ಥ. ಅಲ್ಲಿಗೆ ಕಲೆಕ್ಟರ ಕಥೆ ಮುಗಿಯಿತು!

ನಿಮ್ಮ ಮನೆಯದು ಗುಸ್ತಾವ್ ಬೆಕರ್ ಇದ್ದರೆ ಒಳಗಿನ ಕ್ರಮಸಂಖ್ಯೆಯಿಂದಲೇ ವರ್ಷ ಅಂದಾಜಿಸಬಹುದು. ಅಮೆರಿಕದ ಆನ್ಸೋನಿಯಾ, ಸೇಥ್ ಥಾಮಸ್, ಜಪಾನಿನ ಸೈಕೋಶಾ ಕೂಡ ನಮ್ಮ ಕಡೆಯ ಮನೆಗಳಲ್ಲಿ ಕಾಣುತ್ತವೆ. ‘ಮೇಡ್ ಇನ್ ಜರ್ಮನಿ’ ಎಂದಿದ್ದರೆ ಸಾಮಾನ್ಯವಾಗಿ 1887ರ ನಂತರದ್ದು. ಆ ವರ್ಷ ಬ್ರಿಟನ್, ಪರದೇಶದ ಮಾಲಿನ ಮೇಲೆ ದೇಶದ ಹೆಸರು ಬೇಕೆಂದು ಕಾನೂನು ತಂದಿತು.

ಎರಡನೆಯದು ಬೆಲೆ. ಬೆಲೆ ನಿಂತಿರುವುದು ನಾಲ್ಕು ಮಾತಿನ ಮೇಲೆ: ತಯಾರಕರು ಯಾರು, ಒಳಗಿನ ಯಂತ್ರ ಮತ್ತು ಹೊರಗಿನ ಪೆಟ್ಟಿಗೆ ಹುಟ್ಟಿನಿಂದ ಜೊತೆಯವೇ, ಲೋಲಕ, ಮುಳ್ಳು, ಕೀಲಿ, ಗಾಜು ಎಲ್ಲ ಇವೆಯೇ, ಮತ್ತು ಕೊಳ್ಳುವವರು ಇದ್ದಾರೆಯೇ. ಹಳೆಯದಾದ ಮಾತ್ರಕ್ಕೆ ಲಕ್ಷ ಬರುವುದಿಲ್ಲ. ಇಂಥ ಗಡಿಯಾರಗಳನ್ನು ಕಾರ್ಖಾನೆಗಳು ರಾಶಿ ರಾಶಿ ಮಾಡಿದ್ದವು. ಆನ್‌ಲೈನ್‌ನಲ್ಲಿ ಮಾರುವವರು ಕೇಳುವ ದರ ಬೇರೆ, ನಿಜವಾಗಿ ಮಾರಾಟವಾದ ದರ ಬೇರೆ, ನೋಡಬೇಕಾದದ್ದು ಎರಡನೆಯದು. ಕೊಳ್ಳಲು ಬಂದವನನ್ನೇ ಬೆಲೆ ಹೇಳು ಎಂದು ಕೇಳಿ ಅಷ್ಟಕ್ಕೇ ಒಪ್ಪಬೇಡಿ. ಕನಿಷ್ಠ ಇಬ್ಬರನ್ನು ವಿಚಾರಿಸಿ.

ನಮ್ಮ ಮನೆಗೂ ಹಳೆ ಸಾಮಾನಿನ ವ್ಯಾಪಾರಿಯೊಬ್ಬರು ಬಂದಿದ್ದರು. “ಬಾಯಾರ, ಒಳಗಿನ ಮಶೀನ್ ತೆಗದು ಸೆಲ್ಲಿನ ಮಶೀನ್ ಹಾಕ್ತೀನ್ರಿ. ಕಟ್ಟಿಗಿ ಉಜ್ಜಿ ಪಾಲಿಶ್ ಮಾಡಿದ್ರ ಹೊಸಾದರಂಗ ಆಗ್ತದ, ರೊಕ್ಕಾನೂ ಛೊಲೊ ಬರ್ತದ” ಅಂದರು. ಅಣ್ಣನಿಗೂ ಅದೇ ಸರಿ ಅನ್ನಿಸಿತು. “ನಿಂತ ಗಡಿಯಾರ ಇಟ್ಕೊಂಡು ಏನ್ ಮಾಡ್ತಿ? ಮಾರಿ ಮೂರು ಪಾಲು ಮಾಡೋಣು” ಅಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಪಾಲು ಮೂವರಿಗೂ ಸೇರಿದ್ದು.

ಮುದ್ರೆ ನೋಡಲೆಂದು ಬಾಗಿಲು ತೆಗೆದಾಗ, ಬಾಗಿಲ ಒಳಮೈಯಲ್ಲಿ ಸೀಸದ ಕಡ್ಡಿಯಿಂದ ಬರೆದ ಸಣ್ಣ ಸಾಲುಗಳು ಕಂಡವು. ಅಜ್ಜಿಯ ಅಕ್ಷರ. ಆಗ ಹೆರಿಗೆ ಮನೆಯಲ್ಲೇ. ಜಾತಕ ಬರೆಸಲು ಹುಟ್ಟಿದ ವೇಳೆ ಬೇಕಲ್ಲ? ಗಡಿಯಾರ ನೋಡಿ ಅದರ ಮೈಮೇಲೆಯೇ ಬರೆದಿಟ್ಟಿದ್ದರು: ಮಗುವಿನ ಹೆಸರು, ವಾರ, ತಾಸು, ನಿಮಿಷ. ಕಾಕಾ ಹುಟ್ಟಿದ್ದು 1943ರಲ್ಲಿ. ಆ ಸಾಲಿನ ಮುಂದೆ ‘ಲಡಾಯಿ ಟೈಮು’ ಎಂದಿತ್ತು. ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ನಮ್ಮ ದೇಶದ ಗಡಿಯಾರಗಳನ್ನು ಒಂದು ತಾಸು ಮುಂದಿಟ್ಟಿದ್ದರು. ಅದನ್ನು ಕಳೆಯದಿದ್ದರೆ ಜಾತಕದ ಲಗ್ನವೇ ಬದಲಾಗಬಹುದು. ನಾಲ್ಕನೆಯ ಇಯತ್ತೆ ಕಲಿತ ನಮ್ಮಜ್ಜಿಗೆ ಅದು ಗೊತ್ತಿತ್ತು. ಎರಡು ಗಂಡುಮಕ್ಕಳು ತಿಂಗಳು ತುಂಬುವ ಮೊದಲೇ ತೀರಿಕೊಂಡಿದ್ದರು. ಅವರ ಹೆಸರು ಬೇರೆ ಯಾವ ದಾಖಲೆಯಲ್ಲೂ ಇಲ್ಲ, ಆ ಬಾಗಿಲ ಮೇಲೆ ಮಾತ್ರ. ಕೊನೆಯ ಎರಡು ಸಾಲು ಅಣ್ಣನದು, ನನ್ನದು.

ಅಜ್ಜಿ ಬರೆದ ಇನ್ನೊಂದು ಕಾಗದ ನಮ್ಮಲ್ಲಿ ಇಲ್ಲ. ಪಾಲಿಶ್ ಕಾಗದದಿಂದ ನಾಲ್ಕು ಸಲ ಉಜ್ಜಿದ್ದರೆ ಇದೂ ಹೋಗುತ್ತಿತ್ತು. ಅಣ್ಣ ಕನ್ನಡಕ ಹಾಕಿಕೊಂಡು ಎಲ್ಲ ಓದಿ, ವ್ಯಾಪಾರಿಗೆ ತಾನೇ ಫೋನ್ ಮಾಡಿ ಬೇಡ ಎಂದ. ಬರಹದ ಫೋಟೋ ಮೂವರೂ ಇಟ್ಟುಕೊಂಡೆವು, ರಿಪೇರಿ ಖರ್ಚು ಹಂಚಿಕೊಂಡೆವು. ಗಡಿಯಾರ ಮುಂಬಯಿಗೆ ನನ್ನ ಮನೆಗೆ ಬಂತು.

ಇನ್ನು ಮೂರನೆಯದು, ದುರಸ್ತಿ. ಕೆಲವು ಮಾತು ನೆನಪಿಡಿ.

ಸಾಗಿಸುವ ಮೊದಲು ಲೋಲಕ ಬಿಚ್ಚಿ ಬೇರೆ ಸುತ್ತಿಡಿ. ಸ್ಪ್ರಿಂಗ್ ಬಿಗಿಯಾಗಿದ್ದಾಗ ಯಂತ್ರ ಬಿಚ್ಚಲು ಹೋಗಬೇಡಿ, ಒಮ್ಮೆಲೇ ಬಿಚ್ಚಿಕೊಂಡರೆ ಬೆರಳು ಮುರಿದೀತು. ‘ಕೀಲಿ ಜಾಸ್ತಿ ಆಗಿ ಕೆಟ್ಟಿದೆ’ ಎಂಬ ಮಾತು ಕೇಳುತ್ತೇವೆ. ಹೆಚ್ಚಿನ ಸಲ ಕಾರಣ ಅದಲ್ಲ. ಹಳೆಯ ಎಣ್ಣೆ ಧೂಳಿನೊಡನೆ ಅಂಟಾಗಿ ಚಕ್ರ ಹಿಡಿದಿರುತ್ತದೆ. ಅದಕ್ಕೆ ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಸ್ಪ್ರೇ ಯಾವುದೂ ಔಷಧವಲ್ಲ. ಯಂತ್ರ ಬಿಚ್ಚಿ ತೊಳೆದು, ಗಡಿಯಾರದ ಎಣ್ಣೆಯನ್ನು ಬೇಕಾದ ಕಡೆ ಒಂದೊಂದು ತೊಟ್ಟು ಹಾಕಬೇಕು. ಕಾಗದದ ಡಯಲ್ ಇದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಕತ್ತಲಲ್ಲಿ ಹೊಳೆಯುವಂತೆ ಬಣ್ಣ ಹಚ್ಚಿದ ಹಳೆಯ ಅಲಾರಂ ಗಡಿಯಾರವಿದ್ದರೆ ತೆರೆದು ಕೆರೆಯಬೇಡಿ, ಅದರಲ್ಲಿ ರೇಡಿಯಂ ಇರಬಹುದು.

ನಮ್ಮ ಗಡಿಯಾರ ನೋಡಿದವರು ವಯಸ್ಸಾದ ಕಸಬುದಾರರು. ಸವೆದು ಅಂಡಾಕಾರವಾದ ಎರಡು ತೂತುಗಳಿಗೆ ಹಿತ್ತಾಳೆಯ ಬುಶ್ ಕೂರಿಸಿದರು, ಗಂಟೆ ಹೊಡೆಯುವ ಕಡೆಯ ಸ್ಪ್ರಿಂಗ್ ಬದಲಿಸಿ ಹಳೆಯದನ್ನೂ ಕೈಗೆ ಕೊಟ್ಟರು. ಪೆಟ್ಟಿಗೆಯ ಹೊರಮೈಗೆ ಮೆತ್ತನೆ ಬಟ್ಟೆ, ತೆಳುವಾಗಿ ಜೇನುಮೇಣ, ಅಷ್ಟೆ. ಬಾಗಿಲ ಒಳಮೈಯನ್ನು ಯಾರೂ ಮುಟ್ಟಲಿಲ್ಲ. ಮನೆಯಲ್ಲಿ ಮಾಡಬೇಕಾದದ್ದು ಸುಲಭ: ಟಿಕ್ ಮತ್ತು ಟಾಕ್ ನಡುವಿನ ಅಂತರ ಸಮ ಇರುವಂತೆ ನೇರ ತೂಗುಹಾಕಬೇಕು. ಹಿಂದೆ ಬಿದ್ದರೆ ಲೋಲಕದ ಬಿಲ್ಲೆಯನ್ನು ಸ್ವಲ್ಪ ಮೇಲಕ್ಕೆ, ಮುಂದೆ ಓಡಿದರೆ ಕೆಳಕ್ಕೆ.

ಮಗಳು ಅಮೆರಿಕದಲ್ಲಿದ್ದಾಳೆ, ಮುಂದೆ ತನಗೆ ಬೇಕು ಅನ್ನುತ್ತಾಳೆ. ಇದು ಅನೇಕರ ಮನೆಯ ಮಾತಾದ್ದರಿಂದ ಹೇಳುತ್ತೇನೆ. 1972ರ ಪುರಾವಸ್ತು ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ಮಹತ್ವದ ವಸ್ತುಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಒಯ್ಯುವಂತಿಲ್ಲ. ಅಂಥದ್ದಲ್ಲ ಎಂಬ ಪ್ರಮಾಣಪತ್ರ ಕೊಡುವುದು ಭಾರತೀಯ ಪುರಾತತ್ವ ಇಲಾಖೆ. ಸೂಟ್‌ಕೇಸಿಗೆ ಹಾಕುವ ಮೊದಲು ಅಲ್ಲಿ ವಿಚಾರಿಸಿ.

ಗೆಳತಿಯರೇ, ಮಾರಬೇಡಿ ಎಂದು ನಾನು ಹೇಳುತ್ತಿಲ್ಲ. ಎಲ್ಲರ ಫ್ಲಾಟಿನಲ್ಲೂ ಜಾಗವಿಲ್ಲ, ಎಲ್ಲರ ಕೈಯಲ್ಲೂ ಹಣವಿಲ್ಲ. ಆದರೆ ಮಾರುವ ಮೊದಲು, ಉಜ್ಜುವ ಮೊದಲು, ಒಮ್ಮೆ ಬಾಗಿಲು ತೆಗೆದು ಟಾರ್ಚ್ ಹಿಡಿದು ನೋಡಿ. ಹಿತ್ತಾಳೆಯ ಮುದ್ರೆ ಪೇಟೆಯ ಬೆಲೆ ಹೇಳುತ್ತದೆ. ಉಳಿದದ್ದನ್ನು ಹೇಳುವ ಹಿರಿಯರು ಮನೆಯಲ್ಲಿ ಇನ್ನೂ ಇದ್ದರೆ, ಈ ವಾರವೇ ಕೇಳಿ ಬರೆದಿಡಿ.