ಗೋದಲಿಯಲ್ಲಿ ಒಂದೇ ಕಥೆ, ಪುಸ್ತಕದಲ್ಲಿ ನಾಲ್ಕು



ಮಾಲಾಡ್‌ನ ಮೈಂಡ್‌ಸ್ಪೇಸ್‌ನಲ್ಲಿ ಕೆಲಸ ಮಾಡೋರಿಗೆ ಅಲ್ಲೇ ಹತ್ತಿರದ ಓರ್ಲೆಮ್ ಗೊತ್ತಿರುತ್ತೆ. ಡಿಸೆಂಬರ್ ಬಂತು ಅಂದ್ರೆ ಅಲ್ಲಿ, ಬಾಂದ್ರಾದಲ್ಲಿ, ಕಲೀನಾದಲ್ಲಿ ಮನೆ ಮುಂದೆ ನಕ್ಷತ್ರ ತೂಗುತ್ತೆ, ಒಳಗೆ ಗೋದಲಿ ಕಟ್ತಾರೆ. ಮಗು ಯೇಸು, ಮರಿಯ, ಯೋಸೇಫ, ಕುರುಬರು, ಒಂಟೆ ಜೊತೆ ಮೂವರು ಜ್ಞಾನಿಗಳು, ಒಂದು ದನ, ಒಂದು ಕತ್ತೆ. ಈ ದೃಶ್ಯ ಬೈಬಲ್‌ನ ಯಾವ ಪುಸ್ತಕದಲ್ಲೂ ಇಡಿಯಾಗಿ ಸಿಗೋದಿಲ್ಲ.

ಯೇಸುವಿನ ಬದುಕು ಹೇಳುವ ಸುವಾರ್ತೆಗಳು ನಾಲ್ಕು: ಮತ್ತಾಯ, ಮಾರ್ಕ, ಲೂಕ, ಯೋಹಾನ. ನಕ್ಷತ್ರ, ಜ್ಞಾನಿಗಳು, ಹೆರೋದ ರಾಜನ ಕ್ರೌರ್ಯ ಇರೋದು ಮತ್ತಾಯನಲ್ಲಿ ಮಾತ್ರ. ಜ್ಞಾನಿಗಳು ಎಷ್ಟು ಜನ ಅಂತ ಅವನು ಹೇಳಿಲ್ಲ. ಕಾಣಿಕೆ ಮೂರು, ಅದಕ್ಕೆ ಜನರೂ ಮೂವರಾದರು. ಜನಗಣತಿ, ಗೋದಲಿ, ಕುರುಬರು ಇರೋದು ಲೂಕನಲ್ಲಿ ಮಾತ್ರ. ಮಾರ್ಕ ಮತ್ತು ಯೋಹಾನ ಹುಟ್ಟಿನ ಕಥೆಯನ್ನೇ ಹೇಳೋದಿಲ್ಲ. ದನ, ಕತ್ತೆ ಹುಟ್ಟಿನ ಕಥೆಯಲ್ಲಿ ಎಲ್ಲೂ ಇಲ್ಲ.

ಹೋಲಿಕೆಯೂ ಅಷ್ಟೇ ದೊಡ್ಡದು. ಐದು ಸಾವಿರ ಜನಕ್ಕೆ ಊಟ ಹಾಕಿದ್ದು, ಶಿಲುಬೆ, ಬರಿದಾದ ಸಮಾಧಿ ನಾಲ್ಕರಲ್ಲೂ ಇವೆ. ಮಾರ್ಕನ ಸುಮಾರು 660 ವಚನಗಳಲ್ಲಿ 600ರಷ್ಟರ ವಿಷಯ ಮತ್ತಾಯನಲ್ಲೂ ಇದೆ. ಮಾರ್ಕನದೇ ಮೊದಲ ಬರಹ, ಮತ್ತಾಯ ಮತ್ತು ಲೂಕ ಅದನ್ನು ಮುಂದಿಟ್ಟುಕೊಂಡು ಬರೆದರು ಅನ್ನೋದು ಹೆಚ್ಚಿನ ವಿದ್ವಾಂಸರ ಮಾತು. ಯೋಹಾನನ ದಾರಿ ಬೇರೆ. ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸಿದ ಪ್ರಸಂಗ ಉಳಿದ ಮೂವರಲ್ಲಿ ಕೊನೆಯ ವಾರದಲ್ಲಿ ಬರುತ್ತೆ, ಅವನಲ್ಲಿ ಶುರುವಿನಲ್ಲೇ.

ಈ ವಿಷಯ ಆಫೀಸ್ ಕ್ಯಾಂಟೀನ್‌ಗೆ ಬಂದ್ರೆ ಎರಡು ಗುಂಪಾಗುತ್ತೆ. ಒಬ್ಬರು "ವ್ಯತ್ಯಾಸ ಇದೆ, ಹಾಗಾಗಿ ಎಲ್ಲಾ ಸುಳ್ಳು" ಅಂತಾರೆ. ಇನ್ನೊಬ್ಬರು "ವ್ಯತ್ಯಾಸವೇ ಇಲ್ಲ" ಅಂತಾರೆ. ನನ್ನ ಪ್ರಕಾರ ಇಬ್ಬರೂ ಕಳಕೊಳ್ಳೋದು ಒಂದನ್ನೇ.

ಏನದು? ಗುಡ್ ಫ್ರೈಡೇ ದಿನ ಯೇಸುವಿನ ಏಳು ಕೊನೆಯ ಮಾತುಗಳನ್ನು ಧ್ಯಾನಿಸ್ತಾರಲ್ಲ, ಆ ಏಳೂ ಒಂದೇ ಕಡೆ ಇಲ್ಲ. ಲೂಕನಲ್ಲಿ ಮೂರು, ಯೋಹಾನನಲ್ಲಿ ಮೂರು. ಮಾರ್ಕ, ಮತ್ತಾಯರಲ್ಲಿ ಇರೋದು ಒಂದೇ: ದೇವರೂ ನನ್ನ ಕೈಬಿಟ್ಟನಲ್ಲ ಅನ್ನುವ ಕೂಗು. ಲೂಕನ ಯೇಸು ಕೊಂದವರನ್ನು ಕ್ಷಮಿಸಿ, ತಂದೆಗೆ ಪ್ರಾಣ ಒಪ್ಪಿಸಿ ಸಮಾಧಾನದಿಂದ ಸಾಯುತ್ತಾನೆ. ಯೋಹಾನನ ಯೇಸು, ಬಂದ ಕೆಲಸ ಮುಗಿಯಿತು ಅಂತ ಹೇಳಿ ಹೋಗುತ್ತಾನೆ. ಏಳನ್ನೂ ಸಾಲಾಗಿ ಇಟ್ಟರೆ ಮಾರ್ಕನ ಆ ಕೂಗಿಗೆ ತಕ್ಷಣ ಉತ್ತರ ಸಿಕ್ಕಿಬಿಡುತ್ತೆ. ಮಾರ್ಕ ಉತ್ತರ ಕೊಟ್ಟಿರಲಿಲ್ಲ. ಆಸ್ಪತ್ರೆಯ ಐಸಿಯು ಹೊರಗೆ ರಾತ್ರಿ ಕೂತವರಿಗೆ ಕೆಲವು ದಿನ ಲೂಕ ಬೇಕು, ಕೆಲವು ದಿನ ಮಾರ್ಕನೇ ಬೇಕು.

ಒಂದು ಕಥೆ, ಹಲವು ಹೇಳಿಕೆ ನಮಗೇನೂ ಹೊಸದಲ್ಲ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲೋದು ಲಕ್ಷ್ಮಣ. ಆದರೆ ಇಲ್ಲಿ ನಾಲ್ಕನ್ನೂ ಒಂದೇ ರಟ್ಟಿನೊಳಗೆ ಕಟ್ಟಿಟ್ಟಿದ್ದಾರೆ. ಮರ್ಜ್ ಮಾಡೋ ಪ್ರಯತ್ನವೂ ನಡೆದಿತ್ತು. ಕ್ರಿ.ಶ. 170ರ ಹೊತ್ತಿಗೆ ತಾತಿಯಾನ ಎಂಬಾತ ನಾಲ್ಕನ್ನೂ ಹೆಣೆದು ಒಂದೇ ಕಥೆ ಮಾಡಿದ. ಸಿರಿಯಾ ಕಡೆಯ ಚರ್ಚುಗಳಲ್ಲಿ ಅದು ಬಹಳ ಕಾಲ ನಡೆಯಿತು. 5ನೇ ಶತಮಾನದಲ್ಲಿ ಥಿಯೊಡೊರೆಟ್ ಎಂಬ ಬಿಷಪ್ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ಆ ಜಾಗದಲ್ಲಿ ನಾಲ್ಕು ಸುವಾರ್ತೆಗಳನ್ನೇ ಇಡಿಸಿದ.

ನೀವು ಯಾವ ಧರ್ಮದವರೇ ಆಗಿರಿ, ಒಮ್ಮೆ ಮಾರ್ಕನನ್ನು ಓದಿ. ಹದಿನಾರೇ ಅಧ್ಯಾಯ. ಸೀಟು ಸಿಕ್ಕರೆ ವಿರಾರ್‌ನಿಂದ ಚರ್ಚ್‌ಗೇಟ್‌ಗೆ ಹೋಗಿ ಬರೋದರೊಳಗೆ ಮುಗಿಯುತ್ತೆ. ಮುಂದಿನ ವಾರ ಲೂಕ. ಎರಡನ್ನೂ ಸದ್ಯಕ್ಕೆ ಬೆರೆಸಬೇಡಿ.