ದನಿಯ ಒಡೆತನ ಯಾರದು?

(ಶೇಡಬಾಳದಲ್ಲಿ ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಮನೆಗೆ ಹೋಗದೆ ನೇರವಾಗಿ ಬಂದವರು, ಅಂಗಡಿಯ ಬಾಗಿಲು ಬೇಗನೆ ಎಳೆದು ಬಂದವರು ಇಲ್ಲಿ ಕೂತಿದ್ದೀರಿ. ನಿಮ್ಮ ವೇಳೆಗೆ ಬೆಲೆಯಿದೆ. ಆದುದರಿಂದ ಒಂದೇ ವಿಷಯ ಹೇಳಿ ಮುಗಿಸುತ್ತೇವೆ. ನಮ್ಮ ಊರುಗಳಿಗೆ ನಮ್ಮದೇ ಆದ ಒಂದು ಬಾನುಲಿ ಕೇಂದ್ರ ಬೇಕೆ? ಬೇಕಾದರೆ ಅದರ ಒಡೆಯರು ಯಾರಾಗಬೇಕು?

2019ರ ಆಗಸ್ಟ್ ತಿಂಗಳನ್ನು ನೆನೆಯಿರಿ. ಕೃಷ್ಣೆ ಉಕ್ಕಿ ಬಂದಳು. ನದಿದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತವು. ಆಗ ನಮ್ಮ ಜನರಿಗೆ ಬೇಕಾಗಿದ್ದುದು ದಿಲ್ಲಿಯ ಸುದ್ದಿಯಲ್ಲ. ಯಾವ ರಸ್ತೆ ತೆರೆದಿದೆ? ದನಗಳಿಗೆ ಮೇವು ಎಲ್ಲಿ ಸಿಕ್ಕೀತು? ರಾತ್ರಿಗೆ ನೀರು ಏರುವುದೋ, ಇಳಿಯುವುದೋ? ಮೊಬೈಲಿನಲ್ಲಿ ಮಾತು ಬೇಕಾದಷ್ಟು ಹರಿದಾಡಿದವು. ಅದರಲ್ಲಿ ನಿಜವೆಷ್ಟು, ಗಾಳಿಮಾತೆಷ್ಟು ಎಂದು ಹೇಳುವವರಿರಲಿಲ್ಲ. ದೂರದ ದೊಡ್ಡ ಕೇಂದ್ರಕ್ಕೆ ನಮ್ಮ ಓಣಿಯ ಚಿಂತೆ ತಿಳಿಯುವುದಾದರೂ ಹೇಗೆ?

ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿಯೇ ತೀರ್ಪು ಕೊಟ್ಟಿತು. ಸ್ವತ್ತೇನೋ ನಮ್ಮದೆಂದಾಯಿತು, ಆದರೆ ಕೀಲಿಕೈ ಮಾತ್ರ ನಮ್ಮ ಕೈಗೆ ಬರಲಿಲ್ಲ. ಆ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ಏನು ಮಾಡಿದರು ನೋಡಿರಿ. ಹೈದರಾಲಿ ಹುಟ್ಟಿದ ಊರದು. ಬಿತ್ತರಿಸಲು ಪರವಾನಿಗೆ ಇಲ್ಲದಿದ್ದರೆ ಬೇಡ ಎಂದು, ಟಿ.ವಿ.ಯ ಕೇಬಲ್ ತಂತಿಯ ಮೇಲೆಯೇ ತಮ್ಮ ದನಿಯನ್ನು ಮನೆಮನೆಗೆ ಕಳಿಸಿದರು. ‘ನಮ್ಮ ಧ್ವನಿ’ ಎಂದು ಅದರ ಹೆಸರು. ಮೈರಾಡ, ವಾಯ್ಸಸ್, ಯುನೆಸ್ಕೊ ಸಂಸ್ಥೆಗಳ ನೆರವು ಇತ್ತು. ಆದರೆ ಕಾರ್ಯಕ್ರಮಗಳಲ್ಲಿ ಮಾತಾಡಿದವರು ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು, ಊರಿನ ಯುವಕರು.

2006ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಜನರ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. 2008ರಲ್ಲಿ ಆಗಿನ ಮೇದಕ ಜಿಲ್ಲೆಯ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳ ‘ಸಂಗಂ ರೇಡಿಯೊ’ ಆರಂಭವಾಯಿತು. 100 ವಾಟಿನ ಯಂತ್ರ, 30 ಮೀಟರಿನ ಕಂಬ; ಸುತ್ತ ಹತ್ತಾರು ಕಿಲೋಮೀಟರಿಗೆ ಕೇಳುತ್ತದೆ. ನಮಗೂ ಅಷ್ಟೇ ಸಾಕು.

ಈಗ ಬೆಟ್ಟದ ನಾಡಿನ ಒಂದು ಮಾತು. ದಕ್ಷಿಣ ಅಮೇರಿಕೆಯ ಬೊಲಿವಿಯದಲ್ಲಿ, ಆಂಡೀಸ್ ಪರ್ವತಗಳ ನಡುವೆ, ತವರದ ಗಣಿಯ ಕಾರ್ಮಿಕರು 1940ರ ದಶಕದ ಕೊನೆಯಿಂದಲೇ ತಮ್ಮ ಪಗಾರದಲ್ಲಿ ವರ್ಗಣಿ ಮುರಿದುಕೊಟ್ಟು ಬಾನುಲಿ ಕೇಂದ್ರಗಳನ್ನು ಕಟ್ಟಿದರು. 1980ರ ಜುಲೈನಲ್ಲಿ ಸೈನ್ಯವು ಅಧಿಕಾರ ಕಸಿದುಕೊಂಡಾಗ ಈ ಕೇಂದ್ರಗಳು ಒಂದಕ್ಕೊಂದು ಕೊಂಡಿಹಾಕಿಕೊಂಡು, ಸೈನಿಕರು ಬಾಗಿಲಿಗೆ ಬರುವವರೆಗೂ ನಿಜವನ್ನು ಸಾರಿದವು. ಬಂದೂಕಿಗೆ ಅಂಜದ ಆ ದನಿಗಳಲ್ಲಿ ಬಹಳಷ್ಟು 1985ರ ನಂತರ ಅಡಗಿಹೋದವು. ಏಕೆ? ತವರದ ಬೆಲೆ ಕುಸಿಯಿತು, ಸರಕಾರವು ಗಣಿಗಳನ್ನು ಮುಚ್ಚಿತು, ಸಾವಿರಾರು ಜನರ ಕೆಲಸ ಹೋಯಿತು. ಪಗಾರವಿಲ್ಲದ ಮೇಲೆ ವರ್ಗಣಿ ಎಲ್ಲಿಯದು?

ಈ ಪಾಠವನ್ನು ನಾವು ಮರೆಯಬಾರದು. ಒಂದೇ ಕಾರಖಾನೆಯ ಪಗಾರದ ಮೇಲೆ ನಿಂತ ಕೇಂದ್ರ, ಕಾರಖಾನೆ ಮುಚ್ಚಿದ ದಿನ ಬೀಳುತ್ತದೆ. ಒಬ್ಬನೇ ದೊಡ್ಡ ಸಾಹುಕಾರನ ಜಾಹೀರಾತಿನ ಮೇಲೆ ನಿಂತದ್ದು ಅವನ ಕೂಗುಗಾರನಾಗುತ್ತದೆ. ಅದಕ್ಕೇ ಗಿರಣಿಯವರನ್ನೂ ಅಂಗಡಿಯವರನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸಿದ್ದೇವೆ. ಜಾಹೀರಾತಿನ ಮಿತಿಯನ್ನು 2024ರಲ್ಲಿ ಗಂಟೆಗೆ 12 ನಿಮಿಷಕ್ಕೆ ಏರಿಸಿದ್ದಾರೆ. ಆ ನಿಮಿಷಗಳನ್ನು ಇಪ್ಪತ್ತು ಸಣ್ಣ ಅಂಗಡಿಗಳು ಹಂಚಿಕೊಳ್ಳಲಿ. ಉಳಿದ ಖರ್ಚಿಗೆ ಸದಸ್ಯರ ವರ್ಗಣಿ. ಹೆಚ್ಚು ಕೊಟ್ಟವನಿಗೂ ಒಂದೇ ಮತ, ಕಡಿಮೆ ಕೊಟ್ಟವನಿಗೂ ಒಂದೇ ಮತ. ಇದು ನಮಗೆ ಹೊಸದೇ? 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಸಾಲಕ್ಕೆ ಸಹಕಾರ ಸಾಧ್ಯವಾದರೆ ಸೊಲ್ಲಿಗೂ ಏಕೆ ಸಾಧ್ಯವಾಗಬಾರದು?

ಇನ್ನು ಕಹಿಯಾದರೂ ಹೇಳಬೇಕಾದ ಮಾತು. ಕಾಯದೆಯ ಪ್ರಕಾರ ರಾಜಕೀಯ ಪಕ್ಷಕ್ಕಾಗಲಿ, ಪಕ್ಷಕ್ಕೆ ಸೇರಿದ ಕಾರ್ಮಿಕ ಸಂಘಕ್ಕಾಗಲಿ ಇಂಥ ಕೇಂದ್ರ ಸಿಗುವುದಿಲ್ಲ. ಲಾಭಕ್ಕಾಗಿ ನಡೆಯುವ ಸಂಸ್ಥೆಗೂ ಸಿಗುವುದಿಲ್ಲ. ಜನರ ನಡುವೆ ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ನೋಂದಾಯಿತ ಸಂಸ್ಥೆಯೇ ಅರ್ಜಿ ಹಾಕಬೇಕು. ತನ್ನದೇ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ಸುದ್ದಿ ಕೇಳಿಸಬಹುದು. ಸುದ್ದಿಯ ಮೇಲಿನ ಈ ಕಟ್ಟು ತಪ್ಪೆಂದು ನಾವು ಹೇಳುತ್ತೇವೆ, ಅದು ಹೋಗುವವರೆಗೂ ಹೇಳುತ್ತಲೇ ಇರುತ್ತೇವೆ. ಆದರೆ ಪಕ್ಷ ದೂರವಿರಲಿ ಎಂಬ ಮಾತಿಗೆ ನಾವು ಸಿಟ್ಟಾಗಬಾರದು. ನಮ್ಮ ಕೆಲವು ಗೆಳೆಯರು ಬೇರೆ ಹೆಸರಿನಲ್ಲಿ ಸಂಸ್ಥೆ ಮಾಡಿ ಒಳಗಿಂದ ನಾವೇ ನಡೆಸೋಣ ಎನ್ನುತ್ತಾರೆ. ಅದು ಬೇಡ. ಸಾಹುಕಾರನ ಕೈಯಿಂದ ಬಿಡಿಸಿದ ದನಿಯನ್ನು ನಮ್ಮ ಕಿಸೆಗೆ ಹಾಕಿಕೊಂಡರೆ ಒಡೆಯ ಬದಲಾದನೇ ಹೊರತು ಒಡೆತನ ಬದಲಾಗಲಿಲ್ಲ. ನಮ್ಮ ಕೆಲಸ ಜನರನ್ನು ಕೂಡಿಸುವುದು. ಕೂಡಿದ ಮೇಲೆ ಪಕ್ಕಕ್ಕೆ ಸರಿಯುವುದು.

ಕೊನೆಗೆ ಒಂದು ಒಪ್ಪಿಗೆ. ನಾವು ಮಾಸ್ತರಿಕೆ ಮಾಡುತ್ತಿದ್ದಾಗ, ಮಕ್ಕಳು ಮನೆಯ ಮಾತಿನಲ್ಲಿ, ಕನ್ನಡ ಮರಾಠಿ ಬೆರೆಸಿ ಉತ್ತರ ಹೇಳಿದರೆ ತಿದ್ದುತ್ತಿದ್ದೆವು. ಎರಡು ಸಲ ತಿದ್ದಿಸಿಕೊಂಡ ಹುಡುಗ ಮೂರನೆಯ ಸಲ ಕೈ ಎತ್ತುತ್ತಿರಲಿಲ್ಲ. ಅವನಿಗೆ ಉತ್ತರ ಗೊತ್ತಿತ್ತು. ದನಿ ಅಡಗಿಸಿದವರು ನಾವು. ಅಂಥ ಹುಡುಗರು ಇಂದು ಗಿರಣಿಯಲ್ಲಿದ್ದಾರೆ, ಅಂಗಡಿಯಲ್ಲಿದ್ದಾರೆ, ಈ ಸಭೆಯಲ್ಲಿಯೂ ಇದ್ದಾರು. ಅವರು ತಮ್ಮ ಮಾತಿನಲ್ಲಿಯೇ ಮಾತಾಡುವ ಕೇಂದ್ರ ಬೇಕು.

ಮೂರು ವರ್ಷದ ಕೆಲಸ ಇಂದೇ ಮೊದಲಾಗಲಿ. ಹೊರಗೆ ಮೇಜಿನ ಮೇಲೆ ವಹಿ ಇಟ್ಟಿದ್ದೇವೆ. ಹೆಸರು ಬರೆಸುವವರು ಬರೆಸಿರಿ. ಸಂಶಯವಿದ್ದವರು ಇಲ್ಲಿಯೇ ಎದ್ದು ನಿಂತು ಕೇಳಿರಿ. ಕೇಳುವುದೇ ಮೊದಲ ಬಿತ್ತರಿಕೆ.